ಸಣ್ಣ ಊರಿನ ಪೊಲೀಸ್ ಠಾಣೆ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಕರ್ನಾಟಕದ ತಾಲ್ಲೂಕು ಕೇಂದ್ರ, ಹೋಬಳಿ ಊರುಗಳಲ್ಲಿ ಇರುವವರಿಗಾಗಿ ಬರೆದದ್ದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಕಮಿಷನರೇಟ್ ಊರುಗಳ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಒಂದೇ ಠಾಣೆ. ಎಸ್‌ಐ ಯಾರು ಅಂತ ಊರಿಗೆಲ್ಲ ಗೊತ್ತು. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್‌ನ ಮಗಳು ನಮ್ಮ ಮಗಳ ಕ್ಲಾಸಿನಲ್ಲೇ ಓದುತ್ತಾಳೆ. ಈ ಪರಿಚಯ ಒಳ್ಳೆಯದೂ ಹೌದು, ತಾಪತ್ರಯವೂ ಹೌದು. ಅರ್ಜಿ ಬರೆದುಕೊಡುವ ಕೆಲಸದಲ್ಲಿ ನನ್ನ ಕಿವಿಗೆ ಬಿದ್ದ ಪ್ರಶ್ನೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಮೊದಲನೆಯದು ಯಾವುದು ಅಪರಾಧ, ಶಿಕ್ಷೆ ಏನು ಅಂತ ಹೇಳುತ್ತದೆ; ಎರಡನೆಯದು ಪೊಲೀಸರು, ಕೋರ್ಟು ಹೇಗೆ ನಡೆಯಬೇಕು ಅಂತ ಹೇಳುತ್ತದೆ. ಹಾಗಾಗಿ ಸೆಕ್ಷನ್ ನಂಬರ್‌ಗಳೆಲ್ಲ ಬದಲಾಗಿವೆ. ಕಟ್ಟೆ ಮೇಲೆ ಕೂತು '420 ಕೇಸು' ಅನ್ನುವವರು ಇನ್ನೂ ಹಾಗೇ ಅನ್ನುತ್ತಾರೆ. ಕಾಗದದಲ್ಲಿ ಮಾತ್ರ ಈಗ ಅದು 318.

ಠಾಣೆಗೆ ಹೋಗುವಾಗ ಯಾರಾದರೂ 'ದೊಡ್ಡವರನ್ನ' ಕರೆದುಕೊಂಡು ಹೋಗಬೇಕಾ?

ಬೇಡ. ನನ್ನ ಹತ್ತಿರ ಬರುವವರು ಜಾಸ್ತಿ ಕೇಳುವ ಪ್ರಶ್ನೆ ಇದೇ. ಏನಾಯಿತು ಅಂತ ಹೇಳುವುದಕ್ಕೂ ಮೊದಲು 'ಯಾರನ್ನ ಹಿಡೀಬೇಕು?' ಅನ್ನುತ್ತಾರೆ. ಯಾರನ್ನೂ ಹಿಡಿಯಬೇಕಿಲ್ಲ. ದೂರು ನಿಮ್ಮದು, ಹೇಳಬೇಕಾದವರೂ ನೀವೇ.

ಪುಢಾರಿಯನ್ನು ಕರೆದುಕೊಂಡು ಹೋದರೆ ಏನಾಗುತ್ತದೆ ನೋಡಿ. ಅವರು ನೇರವಾಗಿ ಎಸ್‌ಐ ರೂಮಿಗೆ ಹೋಗುತ್ತಾರೆ. ಟೀ ಬರುತ್ತದೆ. 'ನಮ್ಮ ಹುಡುಗ, ಸ್ವಲ್ಪ ನೋಡಿ ಸಾರ್' ಅನ್ನುತ್ತಾರೆ. 'ಆಯ್ತು, ಹೇಳ್ತೀನಿ' ಅಂತ ಉತ್ತರ ಬರುತ್ತದೆ. ನೀವು ಖುಷಿಯಾಗಿ ಮನೆಗೆ ಬರುತ್ತೀರಿ. ಆದರೆ ಕಾಗದದ ಮೇಲೆ ಒಂದು ಅಕ್ಷರವೂ ಇಲ್ಲ. ಎರಡು ವಾರ ಬಿಟ್ಟು ಆ ಎಸ್‌ಐಗೆ ವರ್ಗವಾದರೆ ನಿಮ್ಮ ದೂರು ಇತ್ತು ಅನ್ನುವುದಕ್ಕೇ ಗುರುತಿಲ್ಲ. ಎದುರು ಪಾರ್ಟಿ ಇನ್ನೂ ದೊಡ್ಡ ಪುಢಾರಿಯನ್ನು ಕರೆತಂದರಂತೂ ಕಥೆ ಮುಗಿದ ಹಾಗೆಯೇ.

ಧೈರ್ಯಕ್ಕೆ ಅಂತ ಅಣ್ಣನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ, ತಪ್ಪಿಲ್ಲ. ಬಾಗಿಲಲ್ಲಿ ಸೆಂಟ್ರಿ ಇರುತ್ತಾರೆ. 'ದೂರು ಕೊಡಬೇಕು, ಎಸ್‌ಎಚ್‌ಓ ಯಾರಿದ್ದಾರೆ?' ಅಂತ ಕೇಳಿ. ಎಸ್‌ಎಚ್‌ಓ ಅಂದರೆ ಠಾಣೆಯ ಉಸ್ತುವಾರಿ ಅಧಿಕಾರಿ. ಎಸ್‌ಐ ಬಂದೋಬಸ್ತ್‌ಗೆ ಹೋಗಿದ್ದರೂ ಆ ಹೊತ್ತಿಗೆ ಠಾಣೆಯ ಉಸ್ತುವಾರಿ ಅಂತ ಒಬ್ಬರು ಇದ್ದೇ ಇರುತ್ತಾರೆ. 'ಸಾಹೇಬ್ರು ಬರಲಿ' ಅಂತ ಸಂಜೆವರೆಗೆ ಬೆಂಚಿನ ಮೇಲೆ ಕೂರಬೇಕಾಗಿಲ್ಲ.

ನನಗೆ ಬರೆಯೋಕೆ ಬರಲ್ಲ. ಏನು ಮಾಡಲಿ?

ಬಾಯಲ್ಲಿ ಹೇಳಿ. ಬರೆದುಕೊಂಡು ನಿಮಗೆ ಓದಿ ಹೇಳುವುದು ಪೊಲೀಸರ ಕೆಲಸ. ಕಾನೂನೇ ಹಾಗೆ ಹೇಳುತ್ತದೆ. ಓದಿಸಿಕೊಳ್ಳದೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ.

ಬರೆಯಲು ಬಂದರೆ ಸುಮ್ನೆ ಉದ್ದ ಮಾಡಬೇಡಿ. ಯಾವಾಗ, ಎಲ್ಲಿ, ಯಾರು, ಏನು ಮಾಡಿದರು, ಯಾರು ನೋಡಿದರು ಅಂತ ಬರೆದರೆ ಸಾಕು. ಜನ ಸಾಮಾನ್ಯವಾಗಿ ಹತ್ತು ವರ್ಷದ ಹಿಂದಿನ ಜಗಳದಿಂದ ಶುರು ಮಾಡುತ್ತಾರೆ. ಮೊನ್ನೆ ಬಿದ್ದ ಏಟಿನ ವಿಷಯ ಮೂರನೇ ಪುಟದಲ್ಲಿ ಒಂದು ಸಾಲು ಬರುತ್ತದೆ. ಅದನ್ನು ತಲೆಕೆಳಗು ಮಾಡಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಠಾಣೆಯ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ವಾಪಸ್ ತನ್ನಿ. ಇಲ್ಲಿನ ಮಾತುಗಳಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಆ ಸೀಲನ್ನು ನೆನಪಿಡಿ.

ಅರ್ಜಿ ತಗೊಂಡರು, ಎಫ್‌ಐಆರ್ ಮಾಡಲಿಲ್ಲ. ಎರಡೂ ಒಂದೇ ಅಲ್ವಾ?

ಅಲ್ಲ. ಇಲ್ಲೇ ಜನ ಮೋಸ ಹೋಗುವುದು. ಅರ್ಜಿ ಅಂದರೆ ನೀವು ಕೊಟ್ಟ ಕಾಗದ. ಎಫ್‌ಐಆರ್ ಅಂದರೆ ಪೊಲೀಸರು ಕೇಸು ಅಂತ ದಾಖಲಿಸುವ ಮೊದಲ ವರದಿ, ತನಿಖೆ ಶುರುವಾಗುವುದು ಅದರಿಂದ.

ಅಪರಾಧಗಳಲ್ಲಿ ಎರಡು ಬಗೆ. ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತಾವೇ ತನಿಖೆ ಶುರು ಮಾಡಬಹುದಾದದ್ದು ಒಂದು. ಅದನ್ನು ಸಂಜ್ಞೇಯ ಅನ್ನುತ್ತಾರೆ. ಮನೆಗಳ್ಳತನ, ಸರಗಳ್ಳತನ, ಗಂಭೀರ ಹಲ್ಲೆ, ಅತ್ಯಾಚಾರ ಎಲ್ಲ ಇದರಲ್ಲಿ ಬರುತ್ತವೆ. ಇನ್ನೊಂದು ಅಸಂಜ್ಞೇಯ, ಠಾಣೆಯ ಮಾತಿನಲ್ಲಿ 'ಎನ್‌ಸಿ'. ಬೈದದ್ದು, ಕೆನ್ನೆಗೆ ಒಂದು ಬಾರಿಸಿದ್ದು ಇಂಥವು. ಇದನ್ನು ಪೊಲೀಸರು ದಾಖಲು ಮಾಡಿಕೊಂಡು ನಿಮ್ಮನ್ನು ಮ್ಯಾಜಿಸ್ಟ್ರೇಟ್ ಹತ್ತಿರ ಕಳಿಸಬೇಕು. ಮ್ಯಾಜಿಸ್ಟ್ರೇಟ್ ಅಪ್ಪಣೆ ಕೊಟ್ಟರೆ ಮಾತ್ರ ತನಿಖೆ.

ದೂರಿನಲ್ಲಿ ಸಂಜ್ಞೇಯ ಅಪರಾಧ ಕಾಣಿಸುತ್ತಿದ್ದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಗಂಡ ಹೆಂಡತಿ ಜಗಳ, ವ್ಯಾಪಾರದ ತಕರಾರು, ತುಂಬಾ ತಡವಾಗಿ ಬಂದ ದೂರು ಇಂಥ ಕೆಲವಕ್ಕೆ ಮಾತ್ರ ಮೊದಲು ಸ್ವಲ್ಪ ವಿಚಾರಿಸಲು ಅವಕಾಶವಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇನ್ನೊಂದು ದಾರಿ ಕೊಟ್ಟಿದೆ. ಮೂರು ವರ್ಷದಿಂದ ಏಳು ವರ್ಷದ ಒಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. 14 ದಿನ ಅಂದರೆ 14 ದಿನವೇ. ಆರು ತಿಂಗಳು 'ಅರ್ಜಿ ವಿಚಾರಣೆಯಲ್ಲಿದೆ' ಅನ್ನುವಂತಿಲ್ಲ.

ಎಫ್‌ಐಆರ್ ಆದ ಮೇಲೆ ಅದರ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ. ಜೆರಾಕ್ಸ್ ಖರ್ಚನ್ನೂ ಕೇಳುವಂತಿಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಹಾಕಬೇಕು ಅನ್ನುವ ಸುಪ್ರೀಂ ಕೋರ್ಟ್ ಆದೇಶ 2016ರಿಂದಲೇ ಇದೆ.

'ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ' ಅಂತ ವಾಪಸ್ ಕಳಿಸಿದರೆ?

ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದೇ ಜೀರೋ ಎಫ್‌ಐಆರ್. ಎರಡು ತಾಲ್ಲೂಕಿನ ಗಡಿಯಲ್ಲಿರುವ ಊರಿನವರಿಗೆ ಇದು ತುಂಬಾ ಮುಖ್ಯ. ಹಳ್ಳದ ಈಚೆ ಒಂದು ಠಾಣೆ, ಆಚೆ ಇನ್ನೊಂದು ಠಾಣೆ ಅಂತ ಅಲೆದಾಡಿಸುವುದು ಹೊಸದೇನಲ್ಲ. ಇಮೇಲ್‌ನಂಥ ಎಲೆಕ್ಟ್ರಾನಿಕ್ ದಾರಿಯಲ್ಲೂ ದೂರು ಕಳಿಸಬಹುದು. ಆಗ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಏನು ಮಾಡಿದರೂ ದೂರು ತಗೊಳ್ತಿಲ್ಲ.

ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿ. ರಸೀದಿ ಇಟ್ಟುಕೊಳ್ಳಿ. ಅಲ್ಲೂ ಏನೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಆಗ ಈ ರಸೀದಿಯೇ ನಿಮ್ಮ ಕೈಯಲ್ಲಿರುವ ಆಯುಧ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಜಾತಿ ದೌರ್ಜನ್ಯದ ದೂರಾದರೆ ಪ್ರಾಥಮಿಕ ವಿಚಾರಣೆ ಅನ್ನುವ ಮಾತೇ ಇಲ್ಲ. ಪರಿಶಿಷ್ಟ ಜಾತಿ ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಸೆಕ್ಷನ್ ಅದನ್ನು ಬಿಡಿಸಿ ಹೇಳಿದೆ. ಅದರ ತನಿಖೆಯನ್ನು ಡಿವೈಎಸ್‌ಪಿ ಮಟ್ಟದವರೇ ಮಾಡಬೇಕು.

ನಾಲ್ಕು ಕೋಳಿ ಕದ್ದರು. ಕೇಸ್ ಆಗುತ್ತಾ?

ನಗಬೇಡಿ, ಇದು ನಿಜವಾಗಿ ಬರುವ ದೂರು. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾದಾ ಕಳ್ಳತನ ಅಸಂಜ್ಞೇಯ. ಅಂದರೆ ಎನ್‌ಸಿ. ಕದ್ದವನು ಮೊದಲ ಸಲ ಸಿಕ್ಕಿಬಿದ್ದು, ಮಾಲು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಆದರೆ ಅದೇ ಕೋಳಿಯನ್ನು ಮನೆಯೊಳಗಿಂದ ಕದ್ದಿದ್ದರೆ ಲೆಕ್ಕ ಬೇರೆ. ವಾಸದ ಮನೆಯಲ್ಲಿ ನಡೆದ ಕಳ್ಳತನಕ್ಕೆ ಬೇರೆಯೇ ಸೆಕ್ಷನ್ ಇದೆ, ಅದಕ್ಕೆ ಎಫ್‌ಐಆರ್ ಆಗಬೇಕು. ಆದ್ದರಿಂದ ದೂರಿನಲ್ಲಿ ಎಲ್ಲಿಂದ ಕದ್ದರು, ಬೆಲೆ ಎಷ್ಟು ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ.

ಪಕ್ಕದ ಹೊಲದವನು ಬದು ಒತ್ತಿದ್ದಾನೆ. ಪೊಲೀಸರು ಬಿಡಿಸಿಕೊಡ್ತಾರಾ?

ಇಲ್ಲ. ಭೂಮಿ ಯಾರದ್ದು, ಬದು ಎಲ್ಲಿ ಬರಬೇಕು ಅಂತ ತೀರ್ಮಾನ ಮಾಡುವ ಅಧಿಕಾರ ಪೊಲೀಸರಿಗೆ ಇಲ್ಲ. ಗಡಿ ಗೊತ್ತಾಗಬೇಕಾದರೆ ಹದ್ದುಬಸ್ತು ಅಳತೆಗೆ ಅರ್ಜಿ ಹಾಕಿ. ಹಕ್ಕಿನ ತಕರಾರಾದರೆ ಸಿವಿಲ್ ಕೋರ್ಟ್.

ಹಾಗಂತ ಠಾಣೆಗೆ ಕೆಲಸವೇ ಇಲ್ಲ ಅಂತಲ್ಲ. ಬದುವಿನ ವಿಷಯಕ್ಕೆ ಮಚ್ಚು ಹಿಡಿದು ಬಂದರೆ, ಬೆಳೆ ಹಾಳು ಮಾಡಿದರೆ, ಹೊಡೆದರೆ ಅದು ಅಪರಾಧ. ಆ ಭಾಗಕ್ಕೆ ಮಾತ್ರ ದೂರು ಕೊಡಿ. ಎರಡನ್ನೂ ಕಲಸಿ ಬರೆದರೆ 'ಇದು ಸಿವಿಲ್ ಮ್ಯಾಟರ್' ಅಂತ ಇಡೀ ಅರ್ಜಿಯನ್ನೇ ಪಕ್ಕಕ್ಕಿಡುತ್ತಾರೆ.

ಠಾಣೆಯಲ್ಲಿ ಕೂರಿಸಿ ಜಮೀನು ಪಂಚಾಯಿತಿ ಮಾಡುವ ಅಧಿಕಾರಿಗಳೂ ಇದ್ದಾರೆ. ಕೆಲವರು ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ. ಬಲವಂತಕ್ಕೆ ಅಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ. 'ಯೋಚನೆ ಮಾಡಿ ಹೇಳ್ತೀನಿ ಸಾರ್' ಅಂತ ಎದ್ದು ಬನ್ನಿ.

ಕೈಸಾಲ ಕೊಟ್ಟಿದ್ದೆ. ವಾಪಸ್ ಕೊಡ್ತಿಲ್ಲ.

ಇದೂ ಸಿವಿಲ್. ಚೆಕ್ ಕೊಟ್ಟಿದ್ದು ಬೌನ್ಸ್ ಆಗಿದ್ದರೂ ಠಾಣೆಗೆ ಹೋಗಿ ಪ್ರಯೋಜನವಿಲ್ಲ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಿ. ನೋಟಿಸ್ ತಲುಪಿ 15 ದಿನದಲ್ಲಿ ಹಣ ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನೇರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ. ಈ ದಿನಗಳು ತಪ್ಪಿದರೆ ಕಷ್ಟ.

ಫೈನಾನ್ಸಿನವರು ಮನೆ ಮುಂದೆ ಬಂದು ಕೂಗಾಡ್ತಾರೆ. ಸಾಲ ತಗೊಂಡದ್ದು ನಿಜ. ದೂರು ಕೊಟ್ಟರೆ ನನ್ನ ಮೇಲೇ ತಿರುಗುತ್ತಾ?

ಸಾಲ ಇದೆ ಅಂದಮಾತ್ರಕ್ಕೆ ಮರ್ಯಾದೆ ಕಳೆಯುವ ಹಕ್ಕು ಅವರಿಗೆ ಬರುವುದಿಲ್ಲ. ಮೈಕ್ರೋ ಫೈನಾನ್ಸ್ ಕಾಟ ಮಿತಿ ಮೀರಿದ್ದರಿಂದ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನೇ ಕಾಯ್ದೆ ಮಾಡಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮನೆ ಮುಂದೆ ಕೂರುವುದು, ಹಿಂಬಾಲಿಸುವುದು, ರೌಡಿಗಳನ್ನು ಕಳಿಸುವುದು ಯಾವುದೂ ಸಾಲ ವಸೂಲಿಯ ದಾರಿಯಲ್ಲ. ದೂರು ಕೊಟ್ಟರೆ ಸಾಲ ಮನ್ನಾ ಆಗುತ್ತದೆ ಅಂತ ಮಾತ್ರ ತಿಳಿಯಬೇಡಿ.

ಬಂದವರ ವಿಡಿಯೊ, ಫೋನ್ ಮಾಡಿದ ನಂಬರ್, ಹೊತ್ತು ಎಲ್ಲ ಇಟ್ಟುಕೊಳ್ಳಿ. ಗಲಾಟೆ ನಡೆಯುತ್ತಿರುವಾಗಲೇ 112ಕ್ಕೆ ಫೋನ್ ಮಾಡಿದರೆ ಆ ಕರೆಯೇ ದಾಖಲೆ.

112ಕ್ಕೆ ಫೋನ್ ಮಾಡಿದರೆ ನಮ್ಮ ಊರಿಗೆ ನಿಜವಾಗ್ಲೂ ಬರ್ತಾರಾ?

ಬರುತ್ತಾರೆ. ಆದರೆ ಫೋನ್ ಎತ್ತುವವರು ನಿಮ್ಮೂರಿನವರಲ್ಲ. 'ಮಾರಿಗುಡಿ ಹಿಂದೆ' ಅಂದರೆ ಅವರಿಗೆ ತಿಳಿಯುವುದಿಲ್ಲ. ಜಿಲ್ಲೆ, ತಾಲ್ಲೂಕು, ಊರು, ಆಮೇಲೆ ಗುಡಿ, ಈ ಕ್ರಮದಲ್ಲಿ ಹೇಳಿ. ಸಣ್ಣ ಊರಲ್ಲಿ ಗಾಡಿ ಕಡಿಮೆ, ಸುತ್ತಬೇಕಾದ ಹಳ್ಳಿಗಳು ಜಾಸ್ತಿ. ಹಾಗಾಗಿ ಸ್ವಲ್ಪ ಹೊತ್ತು ಹಿಡಿಯಬಹುದು. ಪರಿಚಯದ ಪೇದೆಯ ಮೊಬೈಲಿಗೆ ಫೋನ್ ಮಾಡುವುದಕ್ಕಿಂತ ಇದು ಮೇಲು. ಆತ ರಜೆಯಲ್ಲಿರಬಹುದು, ಮಲಗಿರಬಹುದು. 112ರ ಕರೆಗೆ ಲೆಕ್ಕ ಇರುತ್ತದೆ.

ಮಕ್ಕಳಿಗೆ 1098, ಹೆಂಗಸರಿಗೆ 181, ಹಿರಿಯ ನಾಗರಿಕರಿಗೆ 14567. ಬೀದಿ ನಾಯಿ, ಚರಂಡಿ, ಬೀದಿ ದೀಪಕ್ಕೆ 112 ಅಲ್ಲ, ಪುರಸಭೆ.

ಠಾಣೆಯಿಂದ ಫೋನ್ ಬಂತು, 'ಸ್ಟೇಷನ್‌ಗೆ ಬಾ' ಅಂದರು. ಹೋಗಲೇಬೇಕಾ?

ಗಾಬರಿ ಬೇಡ. ಯಾರು, ಯಾವ ಠಾಣೆ, ಯಾವ ವಿಷಯ ಅಂತ ಕೇಳಿ. ಸಾಕ್ಷಿಯಾಗಿ ಕರೆಯುವುದಾದರೆ ಲಿಖಿತ ಆದೇಶ ಕೊಡಬೇಕು. ಆರೋಪಿ ಅಂತ ಕರೆಯುವುದಾದರೆ, ಬಂಧಿಸುವ ಅಗತ್ಯ ಇಲ್ಲದ ಕಡೆ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಸೆಕ್ಷನ್ ಪ್ರಕಾರ ನೋಟಿಸ್ ಕೊಡಬೇಕು. ನೋಟಿಸ್ ಬಂದ ಮೇಲೆ ತಪ್ಪಿಸಿಕೊಳ್ಳಬೇಡಿ, ಹೋಗಿ. ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗಬಹುದು.

ಸಾಕ್ಷಿಯಾಗಿ ವಿಚಾರಿಸಬೇಕಾದಾಗ ಕೆಲವರನ್ನು ಠಾಣೆಗೆ ಕರೆಸುವಂತೆಯೇ ಇಲ್ಲ. ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು. ಇವರನ್ನು ಮನೆಯಲ್ಲೇ ಬಂದು ವಿಚಾರಿಸಬೇಕು. ಅವರೇ ಬರುತ್ತೇನೆ ಅಂದರೆ ಬೇರೆ ಮಾತು. ತನಿಖೆ ವೇಳೆ ಪೊಲೀಸರ ಮುಂದೆ ಕೊಡುವ ಹೇಳಿಕೆಗೆ ಸಹಿ ಬೇಕಾಗಿಲ್ಲ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಕೊಟ್ಟ ಕಡೆಯೆಲ್ಲ ಸಹಿ ಹಾಕಿ ಬರುತ್ತಾರೆ.

ನಿಜವಾಗಿಯೇ ಹಿಡಿದುಕೊಂಡು ಹೋದರೆ?

ಯಾಕೆ ಹಿಡಿದಿದ್ದೇವೆ ಅಂತ ಹೇಳಬೇಕು. ಮನೆಯವರಿಗೆ ತಿಳಿಸಬೇಕು. ವಕೀಲರನ್ನು ನೋಡಲು ಬಿಡಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದು ಮಹಿಳಾ ಅಧಿಕಾರಿಯೇ ಮಾಡಬೇಕು.

'ಸುಮ್ನೆ ಎರಡು ದಿನ ಕೂರಿಸಿದ್ವಿ' ಅನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಎಲ್ಲ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಸಾಧ್ಯವಾದರೆ 18 ತಿಂಗಳು, ಕನಿಷ್ಠ ಒಂದು ವರ್ಷ ಇಡಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಆ ದೃಶ್ಯ ಉಳಿಸಿಡಿ ಅಂತ ಕೂಡಲೇ ಬರೆದುಕೊಡಿ. ಕ್ಯಾಮೆರಾ ಕೆಟ್ಟಿತ್ತು ಅನ್ನುವ ಉತ್ತರವೂ ಕಾಗದದ ಮೇಲೆ ಬರಲಿ.

ಮಗು ಕಾಣುತ್ತಿಲ್ಲ. 24 ಗಂಟೆ ಕಾಯಬೇಕಂತೆ?

ಸುಳ್ಳು. ಈಗಲೇ ಹೋಗಿ. 18 ವರ್ಷದೊಳಗಿನವರು ಕಾಣೆಯಾದರೆ ಕೂಡಲೇ ಎಫ್‌ಐಆರ್ ಮಾಡಬೇಕು.

ನಮ್ಮ ಹುಡುಗಿಗೆ ಕೆಟ್ಟದ್ದಾಗಿದೆ. ಠಾಣೆಗೆ ಕರೆದುಕೊಂಡು ಹೋದರೆ ಊರಿಗೆಲ್ಲ ಗೊತ್ತಾಗುತ್ತಲ್ಲ?

ಈ ಭಯ ಸಣ್ಣ ಊರಲ್ಲಿ ದೊಡ್ಡದು. ಠಾಣೆ ಎದುರಿಗೇ ಬಸ್ ಸ್ಟ್ಯಾಂಡ್ ಇರುತ್ತದೆ. ಒಳಗೆ ಹೋದದ್ದನ್ನು ನೋಡಿದವರು ಸಂಜೆಯೊಳಗೆ ಹತ್ತು ಮನೆಗೆ ಹೇಳಿರುತ್ತಾರೆ. ಅದಕ್ಕೇ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಲ್ಲಿ ಕೆಲವು ಕಟ್ಟಳೆಗಳಿವೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಇಷ್ಟವಾದ ಜಾಗದಲ್ಲೋ ತೆಗೆದುಕೊಳ್ಳಬೇಕು. ಆದಷ್ಟೂ ಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರಬೇಕು. ಯೂನಿಫಾರ್ಮ್ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಹೆಸರು, ಶಾಲೆ, ಫೋಟೊ ಹೊರಗೆ ಬಿಡುವುದು ಅಪರಾಧ.

'ರಾಜಿ ಮಾಡಿಕೊಳ್ಳಿ, ಮದುವೆ ಮಾಡಿಬಿಡಿ' ಅನ್ನುವ ಹಿರಿಯರು ಬಂದೇ ಬರುತ್ತಾರೆ. ಇದು ರಾಜಿ ಆಗುವ ಅಪರಾಧವಲ್ಲ. ಗೊತ್ತಿದ್ದೂ ತಿಳಿಸದೆ ಮುಚ್ಚಿಟ್ಟವರೂ ಶಿಕ್ಷೆಗೆ ಒಳಗಾಗುತ್ತಾರೆ. ಶಾಲೆಯ ಮುಖ್ಯಸ್ಥರೂ ಇದಕ್ಕೆ ಹೊರತಲ್ಲ.

'107 ಹಾಕ್ತೀವಿ', 'ಮುಚ್ಚಳಿಕೆ ಬರೆದುಕೊಡು' ಅಂತಾರಲ್ಲ, ಏನದು?

ಊರಲ್ಲಿ ಗಲಾಟೆ ಆಗಬಹುದು ಅನ್ನಿಸಿದಾಗ 'ಶಾಂತಿ ಕಾಪಾಡುತ್ತೇನೆ' ಅಂತ ಬಾಂಡ್ ಬರೆಸಿಕೊಳ್ಳುವ ಕ್ರಮ. ಹಳೆ 107 ಈಗ 126ನೇ ಸೆಕ್ಷನ್. ಪೊಲೀಸರು ವರದಿ ಕೊಡುತ್ತಾರೆ ಅಷ್ಟೇ. ಬಾಂಡ್ ಬರೆಸಿಕೊಳ್ಳುವ ಅಧಿಕಾರ ಇರುವುದು ಕಾರ್ಯಪಾಲಕ ಮ್ಯಾಜಿಸ್ಟ್ರೇಟ್‌ಗೆ, ಅಂದರೆ ನಮ್ಮ ಕಡೆ ತಹಶೀಲ್ದಾರರಿಗೆ. ಅವಧಿ ಒಂದು ವರ್ಷದವರೆಗೆ. ಇದು ಶಿಕ್ಷೆಯಲ್ಲ, ಆದರೆ ಬಾಂಡ್ ಮುರಿದರೆ ಹಣ ಹೋಗುತ್ತದೆ, ಒಳಗೂ ಕೂರಬೇಕಾಗಬಹುದು. ಠಾಣೆಯಲ್ಲಿ ಬಿಳಿ ಹಾಳೆ ಮೇಲೆ ಬರೆಸಿಕೊಳ್ಳುವ ಮುಚ್ಚಳಿಕೆಗೆ ಆ ತೂಕ ಇಲ್ಲ.

ಗಣೇಶನ ಪೆಂಡಾಲ್‌ಗೆ, ಡಿಜೆಗೆ ಯಾಕಿಷ್ಟು ಕಿರಿಕಿರಿ?

ಹಬ್ಬಕ್ಕೆ ಹತ್ತು ಹದಿನೈದು ದಿನ ಇರುವಾಗ ಠಾಣೆಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಶಾಂತಿ ಸಭೆ ಕರೆಯುತ್ತಾರೆ. ಒಂದು ಸಲ ಹೋಗಿ ಕೂತು ನೋಡಿ. ಮುಂದಿನ ಸಾಲಿನಲ್ಲಿ ಎಲ್ಲ ಸಮಾಜದ ಮುಖಂಡರು. ಹಿಂದೆ ಕೈಕಟ್ಟಿ ನಿಂತ ಹುಡುಗರು, ಪೆಂಡಾಲ್ ಹಾಕುವವರು ಅವರೇ. ಕರೆಂಟಿನವರು, ಪುರಸಭೆಯವರು, ಅಗ್ನಿಶಾಮಕದವರು ಒಬ್ಬೊಬ್ಬರಾಗಿ ತಮ್ಮ ಷರತ್ತು ಓದುತ್ತಾರೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೊನೆಗೆ ಒಬ್ಬ ಹುಡುಗ ಕೇಳುತ್ತಾನೆ: 'ಸಾರ್, ಡಿಜೆ?' ಆಗ ಸಭೆಗೆ ಜೀವ ಬರುತ್ತದೆ.

2000ರ ಶಬ್ದ ಮಾಲಿನ್ಯ ನಿಯಮದಲ್ಲಿ ಉತ್ತರ ಇದೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಂದ್. ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು. ಜನ ವಾಸಿಸುವ ಕಡೆ ಹಗಲು 55 ಡೆಸಿಬೆಲ್, ರಾತ್ರಿ 45. ಡಿಜೆ ಗಾಡಿ ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ ಅಂತ ಅದರ ಮುಂದೆ ಕುಣಿಯುವವರಿಗೂ ಗೊತ್ತು. ಈ ನಿಯಮ ಗುಡಿ, ಮಸೀದಿ, ಚರ್ಚು, ಮದುವೆ ಮನೆ, ರಾಜಕೀಯ ಸಭೆ ಎಲ್ಲಕ್ಕೂ ಒಂದೇ. ಪೊಲೀಸರ ಮೇಲೆ ನನ್ನ ತಕರಾರು ಇರುವುದು ಇಲ್ಲಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಮಾಡಿದ ವರ್ಷವೇ ಜಗಳ ಹುಟ್ಟುವುದು.

2023ರಿಂದ 2025ರವರೆಗೆ ಗಣೇಶ ಹಬ್ಬ, ಈದ್ ಮಿಲಾದ್ ಹತ್ತಿರ ಹತ್ತಿರವೇ ಬಂದವು. ಹಾಗಾಗಿ ಮೆರವಣಿಗೆಯ ದಾರಿ, ಹೊತ್ತು ಎರಡನ್ನೂ ಮೊದಲೇ ಬರೆದುಕೊಳ್ಳುವುದು ಇನ್ನೂ ಮುಖ್ಯವಾಯಿತು. ಅನುಮತಿ ಪತ್ರದಲ್ಲಿ ದಾರಿ ಬರೆದಿದ್ದರೆ ಆಯೋಜಕರಿಗೂ ಒಳ್ಳೆಯದು. ಕೊನೇ ಗಳಿಗೆಯಲ್ಲಿ ಯಾರೋ ಬಂದು 'ಆ ಬೀದಿಗೆ ತಿರುಗಿಸ್ರೋ' ಅಂದರೆ ಆ ಪತ್ರ ತೋರಿಸಿ ಬಾಯಿ ಮುಚ್ಚಿಸಬಹುದು.

ಬೀಟ್ ಪೊಲೀಸ್ ಅಂದರೆ ಯಾರು? ನಮ್ಮ ಬೀದಿಗೆ ಯಾರೂ ಬಂದದ್ದೇ ಕಂಡಿಲ್ಲ.

ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಗೆ ಕೊಟ್ಟಿರುತ್ತಾರೆ. ಹಿಂದೆ ಬ್ಯಾಂಕ್ ಬಾಗಿಲಲ್ಲಿ, ಗುಡಿ ಗೋಡೆ ಮೇಲೆ ಪಾಯಿಂಟ್ ಬುಕ್ ತೂಗುತ್ತಿತ್ತು. ರಾತ್ರಿ ಗಸ್ತಿನವರು ಬಂದು ಸಹಿ ಹಾಕಬೇಕಿತ್ತು. ಸಂಜೆಯೇ ಬಂದು ರಾತ್ರಿ ಎರಡು ಗಂಟೆಯ ಸಹಿ ಹಾಕುವವರೂ ಇದ್ದರು ಬಿಡಿ. ಈಗ ಹಲವು ಕಡೆ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡುವ ಇ-ಬೀಟ್ ಬಂದಿದೆ.

2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಅನ್ನುವ ಕಾರ್ಯಕ್ರಮವೂ ಶುರುವಾಯಿತು. ಬೀಟ್ ಸಿಬ್ಬಂದಿ ಮನೆಗಳಿಗೇ ಬಂದು ಕಷ್ಟಸುಖ ಕೇಳಿ ಬರೆದುಕೊಳ್ಳಬೇಕು. ನಿಮ್ಮ ಮನೆಗೆ ಬಂದರೆ 'ಏನೂ ಇಲ್ಲ ಸಾರ್' ಅಂತ ಕಳಿಸಬೇಡಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ವೀಲಿಂಗ್ ಮಾಡುವ ಹುಡುಗರು, ಪಾಳು ಕಟ್ಟಡದಲ್ಲಿ ನಡೆಯುವ ಇಸ್ಪೀಟು ಮತ್ತು ಗಾಂಜಾ, ಒಂಟಿಯಾಗಿರುವ ಪಕ್ಕದ ಮನೆ ಅಜ್ಜಿ, ಇವೆಲ್ಲ ಹೇಳಬೇಕಾದ ಮಾತುಗಳೇ. ಯಾರೂ ಬಂದಿಲ್ಲವಾದರೆ ಠಾಣೆಗೆ ಹೋಗಿ ನಿಮ್ಮ ಬೀದಿಯ ಬೀಟ್ ಸಿಬ್ಬಂದಿ ಯಾರು ಅಂತ ಕೇಳಿ. ಮನೆಗೆ ಬೀಗ ಹಾಕಿ ವಾರಗಟ್ಟಲೆ ಊರಿಗೆ ಹೋಗುವಾಗ ತಿಳಿಸಬೇಕಾದವರೂ ಅವರೇ. ವಾಟ್ಸಾಪ್ ಸ್ಟೇಟಸ್‌ನಲ್ಲಿ ತಿರುಪತಿ ಫೋಟೊ ಹಾಕಿ ಊರಿಗೆಲ್ಲ ತಿಳಿಸುವುದು ಬೇಡ.

ಟೋಪಿ ಬದಲಾಗಿದೆಯಲ್ಲ, ಯಾರು ಪೇದೆ, ಯಾರು ಎಸ್‌ಐ ಗುರುತಿಸೋದು ಹೇಗೆ?

ಒಂದು ಬದಿ ಮಡಚಿದ ಹಳೆ ಸ್ಲೋಚ್ ಟೋಪಿ ಹೋಗಿ, 2025ರ ಅಕ್ಟೋಬರ್ 28ರಿಂದ ಪೇದೆಗಳಿಗೂ ನೀಲಿ ಪೀಕ್ ಕ್ಯಾಪ್ ಬಂದಿದೆ. ಟೋಪಿ ಬಿಟ್ಟು ಭುಜ ನೋಡಿ. ಕೆಂಪು ನೀಲಿ ಪಟ್ಟಿಯ ಜೊತೆ ಒಂದು ನಕ್ಷತ್ರ ಎಎಸ್‌ಐ, ಎರಡು ಎಸ್‌ಐ, ಮೂರು ಇನ್‌ಸ್ಪೆಕ್ಟರ್. ಪಟ್ಟಿ ಇಲ್ಲದೆ ಮೂರು ನಕ್ಷತ್ರ ಇದ್ದರೆ ಡಿವೈಎಸ್‌ಪಿ. ತೋಳಿನ ಮೇಲೆ ಮೂರು ಪಟ್ಟಿ ಹೆಡ್ ಕಾನ್‌ಸ್ಟೇಬಲ್. ಎಲ್ಲಕ್ಕಿಂತ ಸುಲಭ, ಎದೆ ಮೇಲಿನ ಹೆಸರಿನ ಪಟ್ಟಿ ಓದುವುದು.

ರಸ್ತೆಯಲ್ಲಿ ಅಪಘಾತ ಆಗಿದೆ. ಮುಟ್ಟಿದರೆ ನಾನೇ ಕೋರ್ಟು ಅಲೀಬೇಕಾ?

ಇಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಸಹಾಯ ಮಾಡಿದವರನ್ನು ಕಾಪಾಡುತ್ತದೆ. ಆಸ್ಪತ್ರೆಗೆ ಸೇರಿಸಿ ಮನೆಗೆ ಹೋಗಬಹುದು. ಹೆಸರು ವಿಳಾಸ ಕೊಡಲೇಬೇಕು ಅಂತಿಲ್ಲ. ವಿಡಿಯೊ ಮಾಡುತ್ತಾ ನಿಂತವರಿಗೂ ಇದನ್ನು ಹೇಳಿ.

ಮಗ ಪಿಯುಸಿ. ಟ್ಯೂಷನ್‌ಗೆ ಅಂತ ಬೈಕ್ ಕೊಟ್ಟಿದ್ದೀವಿ. ಎಲ್ಲರೂ ಕೊಡ್ತಾರಲ್ಲ?

ಎಲ್ಲರೂ ಕೊಡುತ್ತಾರೆ, ಆದ್ದರಿಂದಲೇ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಅಪ್ಪ ಅಮ್ಮಂದಿರು ಸಾಲಾಗಿ ನಿಂತಿರುತ್ತಾರೆ. 18 ತುಂಬದವರ ಕೈಗೆ ಗಾಡಿ ಕೊಟ್ಟರೆ ಅದೇ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ದಂಡ 25,000 ರೂಪಾಯಿ, ಮೂರು ವರ್ಷದವರೆಗೆ ಜೈಲು. ಇದು ಹುಡುಗನಿಗಲ್ಲ, ಗಾಡಿ ಕೊಟ್ಟ ದೊಡ್ಡವರಿಗೆ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಂಥ ಕೇಸಿನಲ್ಲಿ 'ಪರಿಚಯದವರು ಸಾರ್' ಅಂತ ಬಿಡಿಸಿಕೊಂಡು ಬರುವ ತಂದೆ ತನ್ನ ಮಗನಿಗೇ ಕೆಟ್ಟದ್ದು ಮಾಡುತ್ತಿದ್ದಾನೆ ಅಂತ ನನ್ನ ಅಭಿಪ್ರಾಯ.

ಫೋನ್ ಕಳೆದಿದೆ. / ಅಕೌಂಟಿನಿಂದ ದುಡ್ಡು ಹೋಗಿದೆ.

ಎರಡೂ ಬೇರೆ. ಫೋನ್ ಕಳೆದರೆ ದೂರಿನ ಪ್ರತಿ ಮತ್ತು ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಿ. ಈಗಲೇ *#06# ಒತ್ತಿ ಆ ನಂಬರ್ ಬರೆದಿಡಿ, ಕಳೆದ ಮೇಲೆ ಒತ್ತಲು ಫೋನ್ ಇರುವುದಿಲ್ಲ.

ದುಡ್ಡು ಹೋಗಿದ್ದರೆ ಠಾಣೆಗೆ ಓಡುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಅಕೌಂಟಿಗೆ ಜಾರುವ ಮೊದಲು ತಡೆಯಬೇಕು, ಅಲ್ಲಿ ನಿಮಿಷಗಳೇ ಲೆಕ್ಕ. ಆಮೇಲೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಠಾಣೆ. 'ಡಿಜಿಟಲ್ ಅರೆಸ್ಟ್' ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕಾಲ್‌ನಲ್ಲಿ ಯೂನಿಫಾರ್ಮ್ ಹಾಕಿ ಕೂತವನು ಕಳ್ಳ, ಫೋನ್ ಇಡಿ.

ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ 'ಖರ್ಚಿಗೆ' ಅಂತ ಕೇಳ್ತಾರೆ. ಎಷ್ಟು ಕೊಡಬೇಕು?

ಸೊನ್ನೆ. ಶುಲ್ಕವನ್ನು ಅರ್ಜಿ ಹಾಕುವಾಗಲೇ ಕಟ್ಟಿರುತ್ತೀರಿ. ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ಹೇಳಿ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಈ ಕೆಲಸ ಮತ್ತೆ ಅವರದ್ದೇ. 2018ರ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು, ಆಗ ನಿಮ್ಮ ಮೇಲೆ ಬರುವುದಿಲ್ಲ.

ಪೊಲೀಸರ ಮೇಲೇ ದೂರು ಇದ್ದರೆ? ನಾಳೆ ಅದೇ ಊರಲ್ಲಿ ಬಾಳಬೇಕಲ್ಲ?

ಮೊದಲು ಡಿವೈಎಸ್‌ಪಿ, ಎಸ್‌ಪಿ. ಅದರಾಚೆಗೆ ಪೊಲೀಸ್ ದೂರು ಪ್ರಾಧಿಕಾರ ಇದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಹುಟ್ಟಿದ್ದು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಿಮ್ಮ ಅರ್ಜಿ ಏನಾಯಿತು ಅಂತ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ನನ್ನ ಅನುಭವದಲ್ಲಿ ಇದು ಮೆಲ್ಲಗೆ ಆದರೂ ಚೆನ್ನಾಗಿ ಕೆಲಸ ಮಾಡುತ್ತದೆ. ಇದರಲ್ಲಿ ಜಗಳವಿಲ್ಲ, ಪ್ರಶ್ನೆ ಮಾತ್ರ.

ಠಾಣೆಯವರೂ ನಮ್ಮ ನಡುವೆಯೇ ಬಾಳುವವರು ಅನ್ನುವುದನ್ನೂ ಮರೆಯಬಾರದು. ಜಾತ್ರೆ, ಚುನಾವಣೆ, ಮಂತ್ರಿ ಭೇಟಿ, ಪರೀಕ್ಷೆ ಅಂತ ಒಂದಾದ ಮೇಲೊಂದು ಬಂದೋಬಸ್ತ್. ಅರ್ಧ ಸಿಬ್ಬಂದಿ ಬೇರೆ ಊರಲ್ಲೇ ಇರುತ್ತಾರೆ. ನಿಮ್ಮ ದೂರು ತಡವಾಗುವುದಕ್ಕೆ ಎಷ್ಟೋ ಸಲ ಕಾರಣ ದ್ವೇಷವಲ್ಲ, ನಿದ್ದೆಗೆಟ್ಟ ಒಬ್ಬ ರೈಟರ್.

ಕೇಸ್ ಆಗಿ ತಿಂಗಳುಗಳಾಯ್ತು. ಏನಾಯ್ತು ಅಂತ ಯಾರನ್ನ ಕೇಳಲಿ?

ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು, ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್‌ನಲ್ಲಿ ಇದೆ. ಎಫ್‌ಐಆರ್ ಪ್ರತಿಯಲ್ಲಿ ಕ್ರೈಂ ನಂಬರ್ ಇರುತ್ತದೆ. 90 ದಿನ ಕಳೆದರೂ ಸುದ್ದಿ ಇಲ್ಲದಿದ್ದರೆ ಆ ನಂಬರ್ ಹಾಕಿ ಒಂದು ಪುಟದ ಅರ್ಜಿ ಬರೆಯಿರಿ. ಎರಡು ಪ್ರತಿ, ಒಂದರ ಮೇಲೆ ಸೀಲು. ಬೆಳಿಗ್ಗೆ ಹಾಜರಿ ಮುಗಿದ ಮೇಲೆ, ಹತ್ತು ಹನ್ನೊಂದು ಗಂಟೆ ಹೊತ್ತಿಗೆ ಹೋಗಿ. ಸಂತೆ ದಿನ ಬೇಡ, ಅವತ್ತು ಎಲ್ಲರೂ ಸಂತೆಯಲ್ಲೇ ಇರುತ್ತಾರೆ.